ಥಾರ್‌ಗೆ ಹೊರಟವರ ಚೀಲದಲ್ಲಿ ಕಂಬಳಿ ಇರಲಿ

1884ರ ಜನವರಿ 13ರಂದು ಬೆಂಗಳೂರಿನಲ್ಲಿ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಊರಿನ ಇತಿಹಾಸದಲ್ಲೇ ಅದು ದಾಖಲೆಯ ಚಳಿ. ರಾಜಸ್ಥಾನದ ಜೈಸಲ್ಮೇರ್‌ನಲ್ಲಿ ಜನವರಿಯ ಯಾವುದೇ ಮಾಮೂಲು ರಾತ್ರಿ ಪಾದರಸ ನಿಲ್ಲುವುದು ಹೆಚ್ಚೂಕಡಿಮೆ ಅದೇ ಗೆರೆಯಲ್ಲಿ. ಉತ್ತರದಿಂದ ಶೀತಗಾಳಿ ಬೀಸುವ ವಾರವಾದರೆ ಇನ್ನೂ ನಾಲ್ಕೈದು ಡಿಗ್ರಿ ಕೆಳಗೆ. ಆ ಚಳಿಯಲ್ಲಿ ಬಯಲಲ್ಲಿ, ಮರಳ ದಿಬ್ಬದ ಮಗ್ಗುಲಲ್ಲಿ ಮಲಗಲೆಂದು ನಮ್ಮವರು ಪ್ರತಿ ವರ್ಷ ದುಡ್ಡು ಕೊಟ್ಟು ಹೋಗುತ್ತಾರೆ. ಹೋಗುವಾಗ ಚೀಲದಲ್ಲಿ ತುಂಬಿಕೊಳ್ಳುವುದು ತೆಳು ಹತ್ತಿ ಅಂಗಿ, ಸನ್‌ಸ್ಕ್ರೀನ್, ತಂಪು ಕನ್ನಡಕ, ಟೊಪ್ಪಿ. ಇವೆಲ್ಲ ಬೇಕು, ಸರಿ. ಆದರೆ ಮರುಭೂಮಿಯೆಂದರೆ ಬಿಸಿಲು ಎಂಬ ಒಂದೇ ಎಣಿಕೆಯಿಂದ ಕಟ್ಟಿದ ಚೀಲ ಸಂಜೆ ಆರರ ಹೊತ್ತಿಗೆ ಕೈಕೊಡುತ್ತದೆ. ಆಮೇಲೆ ಉಳಿಯುವುದು ಹದಿಮೂರೂವರೆ ಗಂಟೆಗಳ ಕತ್ತಲು.

ಹದಿಮೂರೂವರೆ ಗಂಟೆ ಎಂದದ್ದು ಉತ್ಪ್ರೇಕ್ಷೆಯಲ್ಲ. ಜೈಸಲ್ಮೇರ್ ದೇಶದ ಪಶ್ಚಿಮದ ಅಂಚಿನಲ್ಲಿದೆ; ಗಡಿಯಾರ ಮಾತ್ರ ಇಡೀ ದೇಶಕ್ಕೆ ಒಂದೇ. ಹಾಗಾಗಿ ಜನವರಿಯಲ್ಲಿ ಅಲ್ಲಿ ಸೂರ್ಯ ಮೂಡುವಾಗ ಏಳೂವರೆ ಆಗಿರುತ್ತದೆ. ಐದೂವರೆಗೆ ಎದ್ದು ವಾಕಿಂಗ್ ಹೋಗುವ ಅಭ್ಯಾಸದವರು ಎಚ್ಚರಾದ ಮೇಲೂ ಎರಡು ಗಂಟೆ ಹೊದಿಕೆಯೊಳಗೇ ಕಾಯಬೇಕು. ರಾತ್ರಿಯ ಅತ್ಯಂತ ಚಳಿಯ ಹೊತ್ತೂ ಅದೇ, ಸೂರ್ಯೋದಯಕ್ಕೆ ಮುಂಚಿನದು.

ಹಗಲು 24–25 ಡಿಗ್ರಿ ಇದ್ದದ್ದು ರಾತ್ರಿ ಇಷ್ಟು ಕುಸಿಯುವುದೇಕೆ ಎಂಬುದು ಅರ್ಥವಾದರೆ ಚೀಲಕ್ಕೆ ಏನು ಹಾಕಬೇಕೆಂಬುದು ಅರ್ಧ ತಿಳಿದಂತೆ. ನೆಲ ಹಗಲು ಹೀರಿಕೊಂಡ ಶಾಖವನ್ನು ರಾತ್ರಿ ಆಕಾಶಕ್ಕೆ ಬಿಡುತ್ತದೆ. ಮಂಗಳೂರಿನಲ್ಲೋ ಕಾರವಾರದಲ್ಲೋ ಗಾಳಿಯಲ್ಲಿರುವ ನೀರಾವಿ, ಮೇಲಿನ ಮೋಡ ಆ ಶಾಖವನ್ನು ತಡೆದು ಹಿಂದಕ್ಕೆ ಕಳುಹಿಸುತ್ತವೆ. ಅಲ್ಲಿ ಮಧ್ಯರಾತ್ರಿಯೂ ಬೆವರು. ಥಾರ್‌ನಲ್ಲಿ ತಡೆಯುವವರು ಯಾರೂ ಇಲ್ಲ. ಜೈಸಲ್ಮೇರ್‌ಗೆ ವರ್ಷಕ್ಕೆ ಬೀಳುವ ಮಳೆಯೇ ಸುಮಾರು 200 ಮಿ.ಮೀ. ಇದರ ಜತೆಗೆ ಒಣ ಮರಳಿನ ಗುಣವೊಂದಿದೆ. ಕಣಗಳ ನಡುವೆ ಗಾಳಿ ತುಂಬಿರುವುದರಿಂದ ಶಾಖ ಅದರೊಳಗೆ ಆಳಕ್ಕೆ ಇಳಿಯುವುದಿಲ್ಲ. ಕಾದದ್ದು ಮೇಲಿನ ಕೆಲವೇ ಇಂಚು. ಅಷ್ಟೇ ಬೇಗ ಆರುತ್ತದೆ. ಸೂರ್ಯ ಮುಳುಗಿ ಒಂದು ಗಂಟೆಯ ನಂತರ ದಿಬ್ಬದ ಮೇಲೆ ಅಂಗೈ ಇಟ್ಟು ನೋಡಿ, ತಣ್ಣಗಿರುತ್ತದೆ. ಹಾಗೇ ಬೆರಳುಗಳನ್ನು ಒಳಗೆ ತೂರಿಸಿದರೆ ಹಗಲಿನ ಬಿಸುಪು ಇನ್ನೂ ಉಳಿದಿರುವುದು ತಿಳಿಯುತ್ತದೆ.

ಈ ಒಣ ಗಾಳಿ ಹಗಲಿನಲ್ಲಿ ಇನ್ನೊಂದು ಕೆಲಸ ಮಾಡುತ್ತದೆ. ಬೆವರು ಚರ್ಮಕ್ಕೆ ಬಂದ ಕ್ಷಣವೇ ಆವಿಯಾಗಿಬಿಡುವುದರಿಂದ ಅಂಗಿ ಒದ್ದೆಯಾಗುವುದೇ ಇಲ್ಲ. ನಾನು ಬೆವರಿಲ್ಲ, ನೀರು ಬೇಕಾಗಿಲ್ಲ ಎಂದುಕೊಳ್ಳುತ್ತೇವೆ. ಸಂಜೆಗೆ ತಲೆನೋವು, ಬಾಯಿ ಅಂಟು, ಮೂತ್ರ ಗಾಢ ಹಳದಿ. ಉಸಿರಿನಲ್ಲೂ ನೀರು ಹೋಗುತ್ತಲೇ ಇರುತ್ತದೆ. ಅಂದರೆ ಮರುಭೂಮಿ ಮನುಷ್ಯನಿಂದ ಎರಡನ್ನು ಕಸಿಯುತ್ತದೆ: ಹಗಲು ನೀರು, ರಾತ್ರಿ ಶಾಖ. ಚೀಲದಲ್ಲಿರುವ ಪ್ರತಿ ವಸ್ತುವೂ ಈ ಎರಡರಲ್ಲಿ ಒಂದನ್ನಾದರೂ ಉಳಿಸಿಕೊಡಬೇಕು. ಉಳಿಸದಿದ್ದರೆ ಅದು ಜೈಸಲ್ಮೇರ್‌ನ ಹೋಟೆಲಿನಲ್ಲೇ ಇರಲಿ. ಪ್ಯಾಕಿಂಗ್‌ಗೆ ನನಗೆ ತಿಳಿದಿರುವ ಸೂತ್ರ ಇಷ್ಟೇ.

ಹೋಗುವ ಕಾಲ ನವೆಂಬರ್‌ನಿಂದ ಫೆಬ್ರುವರಿ. ಮಾರ್ಚ್ ಮುಗಿಯುತ್ತಿದ್ದಂತೆ ಬಿಸಿಲು ಬಿರುಸಾಗಿ, ಏಪ್ರಿಲ್‌ನಿಂದ ಆಂಧಿ ಎನ್ನುವ ಧೂಳು ಬಿರುಗಾಳಿ ಶುರು. ದೇಶದಲ್ಲಿ ಈವರೆಗೆ ಅಳೆದ ಅತಿ ಹೆಚ್ಚಿನ ಉಷ್ಣಾಂಶಗಳಲ್ಲೊಂದು, 2016ರ ಮೇ 19ರ 51 ಡಿಗ್ರಿ, ದಾಖಲಾದದ್ದು ಜೋಧಪುರದಿಂದ ಜೈಸಲ್ಮೇರ್‌ಗೆ ಹೋಗುವ ದಾರಿಯ ಫಲೋಡಿಯಲ್ಲಿ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಒಂಟೆ ಸವಾರಿಗೆ ಹೋಗಬಾರದು ಎನ್ನಲು ಅದೊಂದು ಅಂಕಿ ಸಾಕು.

ತಿಂಗಳು ಗೊತ್ತಾದ ಮೇಲೆ ಪಂಚಾಂಗ ನೋಡಿ. ಹುಣ್ಣಿಮೆಯ ಆಸುಪಾಸಿನಲ್ಲಿ ದಿಬ್ಬಗಳು ಹಾಲು ಚೆಲ್ಲಿದಂತೆ ಕಾಣುತ್ತವೆ. ಆದರೆ ನಕ್ಷತ್ರಗಳು ಮಂಕು. ನಕ್ಷತ್ರಕ್ಕಾಗಿಯೇ ಹೋಗುವವರಿಗೆ ಅಮಾವಾಸ್ಯೆಯ ಹಿಂದುಮುಂದಿನ ದಿನಗಳೇ ಸೈ. ಮಾಘ ಹುಣ್ಣಿಮೆಗೆ ಜೈಸಲ್ಮೇರ್‌ನಲ್ಲಿ ಮರು ಮಹೋತ್ಸವ ನಡೆಯುತ್ತದೆ, ಆ ಮೂರು ದಿನ ಸಂಗೀತ ಬೇಕೆಂದವರಿಗೆ ಹಬ್ಬ, ಏಕಾಂತ ಬೇಕೆಂದವರು ದೂರವಿರುವುದು ಒಳ್ಳೆಯದು. ಇನ್ನು ಚಳಿಗಾಲದ ಸಂಜೆ ಆಕಾಶಗಂಗೆಯ ದಟ್ಟ ನಡುಭಾಗ ಕಾಣುವುದಿಲ್ಲ. ಅದು ಬೇಕೆನ್ನುವವರು ಫೆಬ್ರುವರಿ ಕೊನೆಗೆ ಹೋಗಿ ಬೆಳಗಿನ ಜಾವ ಏಳಬೇಕು.

ಈಗ ಗೈಡ್ ವಿಚಾರ. ಚೀಲಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಇದು, ಏಕೆಂದರೆ ಅವರು ಏನು ಕೊಡುತ್ತಾರೆ ಎಂಬುದರ ಮೇಲೆ ನಾವು ಏನು ಹೊರಬೇಕು ಎಂಬುದು ನಿಂತಿದೆ. ಜೈಸಲ್ಮೇರ್‌ನಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ ಸಮ್, ನೈರುತ್ಯಕ್ಕೆ ಹೆಚ್ಚೂಕಡಿಮೆ ಅಷ್ಟೇ ದೂರದಲ್ಲಿ ಖೂರಿ. ಸಮ್‌ನಲ್ಲಿ ಸಾಲು ಸಾಲು ಟೆಂಟ್ ರೆಸಾರ್ಟ್. ಮಂಚ, ಬಿಸಿನೀರು, ಊಟ, ವೇದಿಕೆ, ಕುಣಿತ, ದಿಬ್ಬದ ಮೇಲೆ ಜೀಪು. ಅಲ್ಲಿಗೆ ಹೋಗುವವರಿಗೆ ಒಂದು ದಪ್ಪ ಜಾಕೆಟ್, ಉಣ್ಣೆ ಟೊಪ್ಪಿ ಸಾಕು. ಖೂರಿ ಕಡೆಯ ಹಳ್ಳಿಗಳಿಂದಲೂ ನಗರದ ಸಣ್ಣ ತಂಡಗಳಿಂದಲೂ ಹೊರಡುವ ಒಂಟೆ ಸಫಾರಿಗಳ ಬಗೆಯೇ ಬೇರೆ. ಎರಡು ಗಂಟೆಯೋ ಎರಡು ದಿನವೋ ಒಂಟೆ ಮೇಲೆ ಸಾಗಿ, ಜನರಿಲ್ಲದ ದಿಬ್ಬದ ಬಳಿ ಇಳಿದು, ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ನಾನು ಈ ಲೇಖನ ಬರೆಯುತ್ತಿರುವುದು ಈ ಎರಡನೆಯ ಬಗೆಗೆ ಹೊರಡುವವರಿಗಾಗಿ.

ಬುಕ್ ಮಾಡುವಾಗ ಫೋನಿನಲ್ಲೇ ಕೇಳಬೇಕಾದ ಪ್ರಶ್ನೆಗಳಿವೆ. ರಾತ್ರಿ ಮಲಗುವುದು ಟೆಂಟಿನಲ್ಲೋ ಬಯಲಲ್ಲೋ? ಹಾಸಿಗೆ ಯಾರದು? ತಲೆಗೆ ಎಷ್ಟು ಲೀಟರ್ ಕುಡಿಯುವ ನೀರು, ಮುಗಿದರೆ ಮತ್ತೆ ತರುವವರಾರು? ಶೌಚಕ್ಕೆ ಏನು ಏರ್ಪಾಡು? ಯಾರಿಗಾದರೂ ಹುಷಾರು ತಪ್ಪಿದರೆ ಜೀಪು ಎಷ್ಟು ಹೊತ್ತಿಗೆ ಬರುತ್ತದೆ? ಕಸ ಎಲ್ಲಿಗೆ ಹೋಗುತ್ತದೆ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಆ ತಂಡ ಎಂಥದ್ದೆಂಬುದು ತಿಳಿದುಬಿಡುತ್ತದೆ. ಕಸದ ಬಗ್ಗೆ ಯೋಚಿಸಿದವರು ನೀರಿನ ಬಗ್ಗೆಯೂ, ಒಂಟೆಯ ಬಗ್ಗೆಯೂ ಯೋಚಿಸಿರುತ್ತಾರೆ ಎಂಬುದು ನನ್ನ ಅನುಭವ.

ಚೀಲ ಎರಡಿರಲಿ. ಟ್ರಾಲಿ ಸೂಟ್‌ಕೇಸು ಜೈಸಲ್ಮೇರ್‌ನ ಹೋಟೆಲಿನಲ್ಲಿ ಉಳಿಯಲಿ. ಒಂಟೆಯ ಜತೆ ಹೋಗುವುದು ಮೆತ್ತನೆಯ ಬಟ್ಟೆಚೀಲ ಅಥವಾ ಬೆನ್ನುಚೀಲ, ಆರೇಳು ಕಿಲೋ ಮೀರದಂತೆ. ಗಟ್ಟಿ ಅಂಚಿನ ಪೆಟ್ಟಿಗೆ ಒಂಟೆಯ ಪಕ್ಕೆಗೆ ಒತ್ತಿ ಗಾಯ ಮಾಡುತ್ತದೆ. ಹೊರಡುವ ಬೆಳಿಗ್ಗೆ ಒಬ್ಬ ಹಿರಿಯ ಒಂಟೆಯಾತ ನಮ್ಮ ಗುಂಪಿನ ಚೀಲಗಳನ್ನು ಒಂದೊಂದಾಗಿ ಒಂದೇ ಕೈಯಲ್ಲಿ ಎತ್ತಿ ನೋಡಿದ್ದು ನೆನಪಿದೆ. ಎತ್ತಲು ಆಗದಷ್ಟು ಭಾರವೇನೂ ಅವು ಇರಲಿಲ್ಲ, ಜೋಡಿ ಮಾಡುತ್ತಿದ್ದ. ಎಡಕ್ಕೆ ತೂಗುವುದೂ ಬಲಕ್ಕೆ ತೂಗುವುದೂ ಸಮ ಇರದಿದ್ದರೆ ಪಲಾಣ, ಅಂದರೆ ಒಂಟೆಯ ಮೇಲಿನ ಮರದ ಜೀನು, ಒಂದು ಕಡೆಗೆ ವಾಲಿ ಪ್ರಾಣಿಯ ಬೆನ್ನು ಉಜ್ಜಿಹೋಗುತ್ತದೆ. ಒಂದು ಚೀಲದಿಂದ ಎರಡು ದಪ್ಪ ಪುಸ್ತಕ ತೆಗೆಸಿ, ಇನ್ನೊಂದಕ್ಕೆ ನೀರಿನ ಬಾಟಲಿ ಸೇರಿಸಿ, ಮತ್ತೆ ಎತ್ತಿ ನೋಡಿ, ತೃಪ್ತಿಯಾದ ಮೇಲೆ ಹಗ್ಗ ಬಿಗಿದ.

ರಾತ್ರಿಯ ಸಾಮಾನಿನಿಂದ ಶುರು ಮಾಡೋಣ. ಸಫಾರಿಯವರು ಸಾಮಾನ್ಯವಾಗಿ ದಪ್ಪ ರಜಾಯಿಗಳನ್ನು ತರುತ್ತಾರೆ. ಹಗಲು ಅವೇ ಪಲಾಣದ ಮೇಲೆ ಮಡಚಿ ಹಾಸಿದ ಮೆತ್ತೆ, ರಾತ್ರಿ ಅವೇ ಹಾಸಿಗೆ, ಹೊದಿಕೆ. ಬೆಚ್ಚಗಿರುತ್ತವೆ, ಸಂದೇಹವಿಲ್ಲ, ಆದರೆ ಒಂಟೆಯ ವಾಸನೆಯೂ ಇರುತ್ತದೆ, ಎಷ್ಟೋ ಜನ ಹೊದ್ದಿರುತ್ತಾರೆ. ಹಾಗಾಗಿ ಎರಡು ಹತ್ತಿ ಬೆಡ್‌ಶೀಟ್‌ಗಳನ್ನು ಮೂರು ಬದಿ ಹೊಲಿದು ಚೀಲದಂತೆ ಮಾಡಿಕೊಂಡು ಹೋದರೆ ಅದರೊಳಗೆ ನುಸುಳಿ ರಜಾಯಿ ಹೊದೆಯಬಹುದು. ತೂಕ ಅರ್ಧ ಕಿಲೋ ಚಿಲ್ಲರೆ, ಉಪಯೋಗ ಬಹಳ. ಸ್ವಂತ ಸ್ಲೀಪಿಂಗ್ ಬ್ಯಾಗ್ ಒಯ್ಯುವವರು ಅದರ ಮೇಲಿನ ಅಂಕಿಗಳನ್ನು ಸರಿಯಾಗಿ ಓದಬೇಕು. ‘ಕಂಫರ್ಟ್’, ‘ಲಿಮಿಟ್’ ಎಂದು ಎರಡು ಉಷ್ಣಾಂಶಗಳಿರುತ್ತವೆ. ಮೊದಲನೆಯದರವರೆಗೆ ನೆಮ್ಮದಿಯ ನಿದ್ದೆ, ಎರಡನೆಯದಕ್ಕೆ ಇಳಿದರೆ ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದು, ಅಷ್ಟೆ. ಅಂಗಡಿಯವರು ದೊಡ್ಡಕ್ಷರದಲ್ಲಿ ತೋರಿಸುವುದು ಹೆಚ್ಚಾಗಿ ಎರಡನೆಯದನ್ನು ಅಥವಾ ಅದಕ್ಕೂ ಕೆಳಗಿನದನ್ನು. ದಕ್ಷಿಣದ ನಮ್ಮಂಥವರಿಗೆ ಕಂಫರ್ಟ್ ಅಂಕಿ ಐದರಿಂದ ಸೊನ್ನೆಯ ನಡುವೆ ಇದ್ದರೆ ಸರಿ.

ಹೊದಿಕೆಗಿಂತ ಹಾಸಿಗೆ ಮುಖ್ಯ ಎಂಬುದನ್ನು ಬಯಲಲ್ಲಿ ಮಲಗದವರು ನಂಬುವುದು ಕಷ್ಟ. ಹತ್ತಿಯಾಗಲಿ ಸ್ಲೀಪಿಂಗ್ ಬ್ಯಾಗಿನ ತುಂಬುವಿಕೆಯಾಗಲಿ ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ಮೈಯ ಕೆಳಗೆ ಸಿಕ್ಕಿ ಅದು ಚಪ್ಪಟೆಯಾದಾಗ ಗಾಳಿ ಹೋಯಿತು, ಬಿಸುಪೂ ಹೋಯಿತು. ಆಗ ಬೆನ್ನಿನ ಶಾಖ ನೇರ ಮರಳಿಗೆ. ಸುತ್ತಿಕೊಳ್ಳುವ ಫೋಮ್ ಚಾಪೆ, ಯೋಗಕ್ಕೆ ಬಳಸುವಂಥದ್ದೇ ಆದರೂ, ಇದನ್ನು ತಡೆಯುತ್ತದೆ. ಅದರಡಿ ಒಂದು ಪ್ಲಾಸ್ಟಿಕ್ ತಾಡಪಾಲು ಇದ್ದರೆ ಇನ್ನೂ ಒಳ್ಳೆಯದು. ಚಳಿಗಾಲದ ಬೆಳಗಿನ ಜಾವ ಮರುಭೂಮಿಯಲ್ಲೂ ಇಬ್ಬನಿ ಬೀಳುವುದುಂಟು. ತಾಡಪಾಲಿನ ಉಳಿದರ್ಧವನ್ನು ಆಗ ಮೇಲಕ್ಕೆ ಮಡಚಿಕೊಳ್ಳಬಹುದು.

ಇಲ್ಲಿ ನಮ್ಮ ಕುರುಬರ ಕಂಬಳಿಯ ಪರವಾಗಿ ಒಂದು ಮಾತು. ಚಳ್ಳಕೆರೆಯ ಕರಿ ಕಂಬಳಿ ತೂಕ, ಒರಟು, ಬೆನ್ನಿಗೆ ಚುಚ್ಚುತ್ತದೆ, ಎಲ್ಲ ನಿಜ. ಆದರೆ ಉಣ್ಣೆಗೆ ಇರುವ ಗುಣ ಹತ್ತಿಗಿಲ್ಲ: ಇಬ್ಬನಿಗೆ ತೇವವಾದರೂ ಬೆಚ್ಚಗಿಡುತ್ತದೆ, ಕಿಡಿ ಸಿಡಿದರೆ ಪಾಲಿಯೆಸ್ಟರಿನಂತೆ ಕರಗಿ ಮೈಗೆ ಅಂಟುವುದಿಲ್ಲ. ಬೆಂಕಿಯ ಪಕ್ಕ ಕೂರುವಾಗ ಹೊದ್ದುಕೊಳ್ಳಲು, ಮಲಗುವಾಗ ರಜಾಯಿಯ ಕೆಳಗೆ ಹಾಸಲು, ಬೆಳಿಗ್ಗೆ ಒಂಟೆಯ ಮೇಲೆ ಮಡಚಿ ಕೂರಲು ಅದೊಂದೇ ಸಾಕು. ಮಳೆಗೂ ಚಳಿಗೂ ಕುರಿಗಾಹಿಗಳು ಹೊಲದಲ್ಲಿ ರಾತ್ರಿ ಕಳೆದದ್ದು ಇದರ ಬಲದಿಂದ. ರೈಲಿನಲ್ಲಿ ಹೋಗುವವರು, ಹುಬ್ಬಳ್ಳಿ ಮಾರ್ಗವಾಗಿ ಜೋಧಪುರಕ್ಕೆ ನೇರ ರೈಲಿದೆ, ತೂಕದ ಚಿಂತೆಯಿಲ್ಲದೆ ಒಂದನ್ನು ಒಯ್ಯಬಹುದು. ಒಂಟೆಯ ಚೀಲದ ಲೆಕ್ಕಕ್ಕೆ ಅದು ಬರುವುದಿಲ್ಲ, ಪಲಾಣದ ಮೇಲೆ ಹೋಗುತ್ತದೆ.

ಮೈಮೇಲಿನ ಬಟ್ಟೆ ಪದರ ಪದರವಾಗಿರಲಿ. ಒಳಗೆ ಥರ್ಮಲ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಎಲ್ಲದರ ಮೇಲೆ ಗಾಳಿ ತೂರದ ಜಾಕೆಟ್. ಹಗಲು ಒಂದೊಂದೇ ಕಳಚಬಹುದು. ಮಲಗುವ ಮುನ್ನ ಹಗಲಿನ ಅಂಗಿ ಬಿಚ್ಚಿ ಒಣ ಬಟ್ಟೆ ಹಾಕಿಕೊಳ್ಳುವುದನ್ನು ಮರೆಯಬಾರದು. ಹಗಲಿನದರಲ್ಲಿ ಕಣ್ಣಿಗೆ ಕಾಣದ ಬೆವರಿನ ತೇವ ಇದ್ದೇ ಇರುತ್ತದೆ. ಕಿವಿ ಮುಚ್ಚುವ ಟೊಪ್ಪಿ, ರಾತ್ರಿಗೆಂದೇ ಎತ್ತಿಟ್ಟ ಒಂದು ಜೊತೆ ಉಣ್ಣೆ ಕಾಲುಚೀಲ. ದಿಬ್ಬದ ಬುಡದ ತಗ್ಗಿನಲ್ಲಿ ಹಾಸಿಗೆ ಹಾಸಬೇಡಿ, ತಣ್ಣನೆ ಗಾಳಿ ಭಾರವಾದ್ದರಿಂದ ರಾತ್ರಿಯೆಲ್ಲ ಹರಿದು ಅಲ್ಲೇ ತಂಗುತ್ತದೆ. ಗಾಳಿಗೆ ಮರೆಯಾದ ಮಗ್ಗುಲಲ್ಲಿ ತುಸು ಎತ್ತರದ ಜಾಗವನ್ನು ಗೈಡ್ ತೋರಿಸುತ್ತಾರೆ. ಅವರು ತೋರಿಸಿದ ಕಡೆ ಮಲಗಿ.

ಹಗಲಿನ ಉಡುಪಿಗೆ ಪೂರ್ತಿ ತೋಳಿನ ಸಡಿಲ ಅಂಗಿ. ಪ್ಯಾಂಟಿನ ವಿಷಯದಲ್ಲಿ ಸ್ವಲ್ಪ ಎಚ್ಚರ. ಒಂಟೆಯ ಮೇಲೆ ಜೀನ್ಸ್ ತೊಟ್ಟು ಕೂತರೆ ಅದರ ದಪ್ಪ ಹೊಲಿಗೆ ಒಳತೊಡೆಯನ್ನು ತರಚಿ ಹಾಕುತ್ತದೆ. ಮೆತ್ತನೆಯ ಟ್ರ್ಯಾಕ್ ಪ್ಯಾಂಟ್ ಅಥವಾ ಪೈಜಾಮ ಒಳ್ಳೆಯದು, ಜತೆಗೆ ಒಂದು ಡಬ್ಬಿ ಪೆಟ್ರೋಲಿಯಂ ಜೆಲ್ಲಿ. ತೊಡೆಗೂ ಅದೇ, ಒಡೆಯುವ ತುಟಿಗೂ ಅದೇ, ಒಣಗಿ ಉರಿಯುವ ಮೂಗಿನ ಹೊಳ್ಳೆಗೂ ಅದೇ. ಒಂಟೆ ಏಳುವಾಗ ಹಿಂಗಾಲುಗಳನ್ನು ಮೊದಲು ಎತ್ತುವುದರಿಂದ ಸವಾರ ಮುಂದಕ್ಕೆ ಎಸೆದಂತಾಗುತ್ತದೆ. ಹಿಂದಕ್ಕೆ ಒರಗಿ, ಪಲಾಣದ ಮುಂಗೊಂಬನ್ನು ಬಿಗಿಯಾಗಿ ಹಿಡಿಯಬೇಕು. ಕೂರುವಾಗ ಮುಂಗಾಲು ಮಡಚುವುದು ಮೊದಲು, ಆಗಲೂ ಹಿಂದಕ್ಕೇ ಒರಗಬೇಕು. ನಡೆಯುವಾಗ ಅದು ಒಂದೇ ಪಕ್ಕದ ಎರಡು ಕಾಲುಗಳನ್ನು ಒಟ್ಟಿಗೆ ಎತ್ತಿಡುತ್ತದೆ. ಹಾಗಾಗಿ ಮೈ ಎಡಕ್ಕೂ ಬಲಕ್ಕೂ ತೂಗುತ್ತದೆ; ಸೊಂಟ ಸಡಿಲ ಬಿಟ್ಟು ಅದರೊಂದಿಗೆ ತೂಗಿದರೆ ನೋವು ಕಡಿಮೆ. ಹೊರಡುವ ಮೂರು ವಾರ ಮೊದಲಿನಿಂದ ತೊಡೆ, ಸೊಂಟ ಹಿಗ್ಗಿಸುವ ವ್ಯಾಯಾಮ ಮಾಡಿದವರು ಮರುದಿನ ನೆಟ್ಟಗೆ ನಡೆಯುತ್ತಾರೆ.

ತಲೆಗೆ ಟೊಪ್ಪಿಗಿಂತ ಬಟ್ಟೆ ಉತ್ತಮ. ಥಾರ್‌ನ ಗಂಡಸರು ಸುತ್ತುವ ಸಾಫಾ ಹಲವು ಮೀಟರ್ ಉದ್ದದ ತೆಳು ಹತ್ತಿ. ತಲೆಗೆ ನೆರಳು, ಗಾಳಿ ಎದ್ದಾಗ ಮೂಗುಬಾಯಿಗೆ ಮುಸುಕು, ರಾತ್ರಿ ದಿಂಬು, ಬೇಕಾದಾಗ ಬಾವಿಗೆ ಹಗ್ಗ. ನಮ್ಮ ಮನೆಯ ತೆಳು ಪಂಚೆಯೂ ಇದೇ ಕೆಲಸಕ್ಕೆ ಬರುತ್ತದೆ. ಮರೆಯಿಲ್ಲದ ಬಯಲಿನಲ್ಲಿ ಹೆಂಗಸರು ಬಟ್ಟೆ ಬದಲಿಸಲು, ಶೌಚಕ್ಕೆ ಕೂರಲು ಅದನ್ನೇ ತೆರೆಯಾಗಿ ಹಿಡಿಯಬಹುದು. ಕಾಲಿಗೆ ಬಲೆಬಲೆಯ ಓಟದ ಶೂ ಬೇಡ, ಅದರ ತೂತಿನಲ್ಲಿ ನುಣ್ಣನೆ ಮರಳು ತುಂಬಿಕೊಳ್ಳುತ್ತದೆ. ಪಾದದ ಗಂಟು ಮುಚ್ಚುವ, ಮೊದಲೇ ಹಾಕಿ ಪಳಗಿಸಿದ ಶೂ ಇರಲಿ. ದಿಬ್ಬದ ಮೇಲೆ ಬರಿಗಾಲಲ್ಲಿ ನಡೆಯುವ ಆಸೆ ಎಲ್ಲರಿಗೂ. ದಿಬ್ಬದ ನೆತ್ತಿಯಲ್ಲಿ ನಡೆಯಿರಿ, ಹುಲ್ಲಿರುವ ತಪ್ಪಲಲ್ಲಿ ಬೇಡ. ಭುರುಟ್ ಎಂಬ ಹುಲ್ಲಿನ ಮುಳ್ಳುಕಾಯಿ ಅಲ್ಲಿ ಬಿದ್ದಿರುತ್ತದೆ. ಸೂಜಿಯಂಥ ಅದರ ಮುಳ್ಳು ಕಾಲುಚೀಲಕ್ಕೆ, ಕಂಬಳಿಗೆ, ಚರ್ಮಕ್ಕೆ ಹತ್ತಿಕೊಂಡರೆ ಬೆರಳಿಂದ ಕೀಳಲು ಹೋದಾಗ ಬೆರಳಿಗೇ ಚುಚ್ಚುತ್ತದೆ. ಒಂದು ಸಣ್ಣ ಚಿಮಟ ಜೇಬಿನಲ್ಲಿಟ್ಟುಕೊಳ್ಳಿ.

ನೀರಿನ ಲೆಕ್ಕ ದಿನಕ್ಕೆ ತಲಾ ಕನಿಷ್ಠ ಮೂರರಿಂದ ನಾಲ್ಕು ಲೀಟರ್, ಅದೂ ಚಳಿಗಾಲದಲ್ಲಿ, ಅದೂ ಕುಡಿಯಲು ಮಾತ್ರ. ಬಾಯಾರಿಕೆಗೆ ಕಾಯದೆ ಗಂಟೆಗೊಮ್ಮೆ ಕುಡಿಯಬೇಕು. ರಾತ್ರಿ ಏಳಬೇಕಾಗುತ್ತದೆಂದು ಸಂಜೆ ನೀರು ಬಿಡುವವರೇ ಮರುದಿನ ತಲೆ ಹಿಡಿದು ಕೂರುವವರು. ನಾಲ್ಕೈದು ಓಆರ್‌ಎಸ್ ಪೊಟ್ಟಣ ಇರಲಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕದಡಬೇಕು, ಲೋಟಕ್ಕೆ ಅಲ್ಲ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರೂ ಸಕ್ಕರೆ ಕಾಯಿಲೆಯವರೂ ಹೊರಡುವ ಮುಂಚೆ ತಮ್ಮ ವೈದ್ಯರ ಜತೆ ಮಾತಾಡಿಯೇ ಹೊರಡಬೇಕು.

ನೀರಿನ ಬಗ್ಗೆ ಆ ಸೀಮೆಯವರ ನಡತೆ ನೋಡುವಂಥದ್ದು. ಊಟವಾದ ಮೇಲೆ ಒಂಟೆಯಾತ ತಟ್ಟೆಗಳನ್ನು ದಿಬ್ಬದ ಮಗ್ಗುಲಿಗೆ ಒಯ್ದು, ಒಂದು ಹಿಡಿ ಒಣ ಮರಳು ಹಾಕಿ ಅಂಗೈಯಿಂದ ಸುತ್ತಲೂ ಉಜ್ಜುತ್ತಾನೆ. ಜಿಡ್ಡನ್ನು ಮರಳು ಹೀರಿ ಉಂಡೆಗಟ್ಟುತ್ತದೆ. ಅದನ್ನು ಚೆಲ್ಲಿ ಇನ್ನೊಂದು ಹಿಡಿ. ಮೂರನೆಯ ಹಿಡಿಗೆ ಮರಳು ಬಂದ ಹಾಗೇ ಉದುರಿಹೋಗುತ್ತದೆ, ತಟ್ಟೆ ಬೆಳಗುತ್ತದೆ. ಕೊನೆಗೆ ಬಟ್ಟೆಯಿಂದ ಒರೆಸಿದರೆ ಆಯಿತು, ಒಂದು ತೊಟ್ಟು ನೀರು ಖರ್ಚಿಲ್ಲ. ಸೋಪು, ಶಾಂಪೂ ಒಯ್ಯುವವರು ಇದನ್ನು ಒಮ್ಮೆ ನೋಡಿದರೆ ಸಾಕು, ಎರಡು ದಿನದ ಮಟ್ಟಿಗೆ ಅವುಗಳ ಅಗತ್ಯವೇ ಇಲ್ಲವೆಂದು ತಾವಾಗಿ ಒಪ್ಪುತ್ತಾರೆ. ಒದ್ದೆ ಟಿಶ್ಯೂ ಒಂದು ಪೊಟ್ಟಣ ಇದ್ದರೆ ಮುಖ, ಕೈಗೆ ಆಗುತ್ತದೆ. ಬಳಸಿದ್ದನ್ನು ಮಾತ್ರ ಹೂಳಬಾರದು. ನಮ್ಮ ಕಡೆಯ ಹಸಿ ಮಣ್ಣಿನಲ್ಲಿ ಕೊಳೆಯುವಂತೆ ಆ ಒಣ ಮರಳಿನಲ್ಲಿ ಏನೂ ಬೇಗ ಕೊಳೆಯುವುದಿಲ್ಲ, ಗಾಳಿಗೆ ದಿಬ್ಬ ಸರಿದಾಗ ಎಲ್ಲವೂ ಮತ್ತೆ ಮೇಲೆ ಬರುತ್ತದೆ. ಕಾಗದ, ಸ್ಯಾನಿಟರಿ ಪ್ಯಾಡ್, ಬಿಸ್ಕತ್ತಿನ ಹೊದಿಕೆ ಎಲ್ಲವೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಊರಿಗೆ ವಾಪಸು ಬರಲಿ.

ಊಟದ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. ಉತ್ತರ ಕರ್ನಾಟಕದವರಿಗಂತೂ ಅಲ್ಲಿನ ಬಾಜ್ರಾ ರೋಟಿ ಮನೆಯ ಸಜ್ಜೆ ರೊಟ್ಟಿಯೇ. ಕೇರ್ ಸಾಂಗ್ರಿ ಪಲ್ಯದ ಸಾಂಗ್ರಿ ಖೇಜಡಿ ಮರದ ಒಣಗಿಸಿದ ಕಾಯಿ. ಆ ಖೇಜಡಿ ಬೇರಾವುದೂ ಅಲ್ಲ, ವಿಜಯದಶಮಿಯ ದಿನ ನಾವು ಪೂಜಿಸಿ ಎಲೆ ಹಂಚುವ ಬನ್ನಿ. ನಮಗೆ ವರ್ಷಕ್ಕೊಮ್ಮೆ ಬಂಗಾರವಾಗುವ ಮರ ಅವರಿಗೆ ವರ್ಷವಿಡೀ ನೆರಳು, ಮೇವು, ಪಲ್ಯ. ರಾಜಸ್ಥಾನದ ರಾಜ್ಯ ವೃಕ್ಷವೂ ಅದೇ. ದಾರಿಯಲ್ಲಿ ಒಂದಾದರೂ ಸಿಗುತ್ತದೆ, ಮಧ್ಯಾಹ್ನದ ವಿಶ್ರಾಂತಿಗೆ ಗೈಡ್ ಒಂಟೆಗಳನ್ನು ಅದರ ಬುಡಕ್ಕೇ ಒಯ್ಯುತ್ತಾರೆ. ಚೀಲಕ್ಕೆ ಹುರಿಗಡಲೆ, ಕಡಲೆಬೀಜ, ಬೆಲ್ಲ, ಶೇಂಗಾ ಚಟ್ನಿಪುಡಿ ಹಾಕಿಕೊಳ್ಳಿ. ಮಲಗುವ ಮುನ್ನ ತಿಂದ ಒಂದು ಹಿಡಿ ಶೇಂಗಾ ಬೆಲ್ಲ ಮೈಯನ್ನು ಒಳಗಿನಿಂದ ಬೆಚ್ಚಗಿಡುತ್ತದೆ. ಬೆಂಕಿ ದೊಡ್ಡದು ಮಾಡಿ ಎಂದು ಒಂಟೆಯಾತನನ್ನು ಒತ್ತಾಯಿಸಬೇಡಿ. ದಿಬ್ಬ ಹಿಡಿದಿಡುವ ಫೋಗ್ ಪೊದೆಗಳನ್ನು ಉರುವಲಿಗಾಗಿ ಬೇರುಸಹಿತ ಕಿತ್ತು ಎಷ್ಟೋ ಕಡೆ ಮುಗಿಸಿಯಾಗಿದೆ.

ಹಾವು, ಚೇಳಿನ ಭಯ ಹಲವರಿಗೆ. ಚಳಿಗಾಲದಲ್ಲಿ ಅವುಗಳ ಓಡಾಟ ಬಹಳ ಕಡಿಮೆ, ಹಾಗೆಂದು ಉದಾಸೀನ ಸಲ್ಲದು. ಅಲ್ಲಿನ ಗರಗಸ ಮಂಡಲ ಹಾವು ಮರಳಲ್ಲಿ ಹುದುಗಿ ಕೂರುವಂಥದ್ದು. ರಾತ್ರಿ ಹಣೆಗೆ ಕಟ್ಟುವ ಟಾರ್ಚ್ ಇಲ್ಲದೆ ನಡೆಯಬೇಡಿ, ಬೆಳಿಗ್ಗೆ ಶೂ ಕೊಡವದೆ ಹಾಕಬೇಡಿ, ಸೌದೆ ರಾಶಿಗೆ ಕೈ ಹಾಕಬೇಡಿ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಏನೂ ಮಾಡದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ ನೇರ ಜೈಸಲ್ಮೇರ್ ಆಸ್ಪತ್ರೆಗೆ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ನಮ್ಮ ಪ್ರತಿವಿಷದ ತಯಾರಿಕೆಗೆ ಬಳಸುವ ವಿಷ ಬಹುಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುವುದರಿಂದ ಪಶ್ಚಿಮ ರಾಜಸ್ಥಾನದ ಕಡಿತಕ್ಕೆ ಅದರ ಪರಿಣಾಮ ಕಡಿಮೆಯಾಗಬಹುದು. ತಡ ಮಾಡಲೇಬಾರದು ಎನ್ನಲು ಇದೂ ಒಂದು ಕಾರಣ.

ಕ್ಯಾಮೆರಾ ಒಯ್ಯುವವರು ಬಯಲಲ್ಲಿ ಲೆನ್ಸ್ ಬದಲಿಸಬೇಡಿ. ಫೋನು ಜಿಪ್ ಚೀಲದಲ್ಲಿ. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ರಾತ್ರಿ ಹೊದಿಕೆಯೊಳಗೇ ಇಟ್ಟುಕೊಳ್ಳಿ. ವಿಮಾನದಲ್ಲಿ ಹೋಗುವವರ ಪವರ್ ಬ್ಯಾಂಕ್ ಕೈಚೀಲದಲ್ಲಿರಬೇಕು. ಗಡಿ ಜಿಲ್ಲೆಯಾದ್ದರಿಂದ ಆಧಾರ್ ಕಾರ್ಡ್ ಕೈಗೆ ಸಿಗುವಂತಿರಲಿ, ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಹೊರದೇಶಗಳಿಂದ ರಜೆಗೆ ಬರುವ ಕನ್ನಡಿಗರಿಗೆ ವಿಶೇಷವಾಗಿ ಹೇಳಬೇಕಾದದ್ದು: ಅಲ್ಲಿ ಚಾರಣಿಗರು ಸಹಜವಾಗಿ ಬಳಸುವ ಉಪಗ್ರಹ ಫೋನು, ಉಪಗ್ರಹ ಸಂದೇಶ ಸಾಧನಗಳನ್ನು ಭಾರತಕ್ಕೆ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ತರುವುದು ಅಪರಾಧ.

ಇಷ್ಟೆಲ್ಲ ಸರಿಯಾಗಿದ್ದರೆ ರಾತ್ರಿ ಮಲಗಿ ಮೇಲೆ ನೋಡುವ ನೆಮ್ಮದಿ ಸಿಗುತ್ತದೆ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲಿರುವುದರಿಂದ ಕಟ್ಟಡಗಳ ಹಿಂದೆ ಅಡಗಿರುತ್ತದೆ. ಜೈಸಲ್ಮೇರ್‌ನಲ್ಲಿ ಅದು 27 ಡಿಗ್ರಿ, ಎರಡು ಪಟ್ಟು ಎತ್ತರ. ನಾವು ಇಲ್ಲಿ ದಕ್ಷಿಣದಲ್ಲಿ ನಿರಾಳವಾಗಿ ಕಾಣುವ ಅಗಸ್ತ್ಯ ಅಲ್ಲಿ ದಿಗಂತದ ಹತ್ತಿರಕ್ಕೆ, ಬರೀ 10 ಡಿಗ್ರಿಗೆ ಇಳಿದಿರುತ್ತದೆ. ಊರಿನಿಂದ ಎಷ್ಟು ಉತ್ತರಕ್ಕೆ ಬಂದಿದ್ದೇವೆಂಬುದನ್ನು ಆಕಾಶದಲ್ಲೇ ಅಳೆಯಬಹುದು. ಮಕ್ಕಳಿದ್ದರೆ ಹೊರಡುವ ವಾರ ಇಲ್ಲಿ ಒಮ್ಮೆ, ಅಲ್ಲಿ ಹೋದ ಮೇಲೆ ಒಮ್ಮೆ ಈ ಎರಡು ನಕ್ಷತ್ರಗಳನ್ನು ತೋರಿಸಿ. ಭೂಮಿ ದುಂಡಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಸದ್ದಿನ ಸ್ಪೀಕರ್ ಮನೆಯಲ್ಲೇ ಬಿಡಿ. ಸಮ್ ಮತ್ತು ಖೂರಿಯ ಸುತ್ತಲ ಸೀಮೆ 3,162 ಚ.ಕಿ.ಮೀ. ವಿಸ್ತಾರದ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಹೊಂದಿಕೊಂಡಿದೆ. ನಮ್ಮಲ್ಲಿ ಎರೆಭೂತ ಎಂದು ಕರೆಯುವ, ಬಳ್ಳಾರಿಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿರುವ ದೊಡ್ಡ ಹಕ್ಕಿಗೆ ಇದೇ ಕೊನೆಯ ದೊಡ್ಡ ನೆಲೆ. ಅಲ್ಲಿ ಅದರ ಹೆಸರು ಗೋಡಾವಣ್. ಒಟ್ಟು ಉಳಿದಿರುವುದು 150ರ ಆಸುಪಾಸು. ದುರ್ಬೀನು ಒಯ್ಯುವುದಾದರೆ ಅದಕ್ಕಾಗಿ ಒಯ್ಯಿರಿ.

ಹಣದ ವಿಷಯ ಒಂದು ಉಳಿಯಿತು. ದೇಶದಲ್ಲಿ ಒಂಟೆಗಳ ಸಂಖ್ಯೆ 2012ರ ಜಾನುವಾರು ಗಣತಿಯಲ್ಲಿ ನಾಲ್ಕು ಲಕ್ಷ ಇದ್ದದ್ದು 2019ಕ್ಕೆ ಎರಡೂವರೆ ಲಕ್ಷಕ್ಕೆ ಕುಸಿಯಿತು. ಗಾಡಿ ಎಳೆಯುವ ಕೆಲಸ ಟ್ರ್ಯಾಕ್ಟರಿಗೆ ಹೋಯಿತು, ಮೇಯುವ ಬಯಲು ಬೇಲಿಯೊಳಗಾಯಿತು. ಸಾಕುವವನಿಗೆ ಒಂಟೆಯಿಂದ ಬರುವ ಆದಾಯದಲ್ಲಿ ಈಗ ಪ್ರವಾಸಿಯ ಪಾಲು ದೊಡ್ಡದು. ಆದರೆ ನಗರದಲ್ಲಿ ಕಟ್ಟಿದ ಪ್ಯಾಕೇಜ್ ಹಣದಲ್ಲಿ ಒಂಟೆಯ ಮಾಲೀಕನಿಗೆ ತಲುಪುವುದೆಷ್ಟು ಎಂದು ಬುಕ್ ಮಾಡುವಾಗಲೇ ಕೇಳಬೇಕು. ಕೇಳುವವರಿದ್ದಾರೆಂದು ಗೊತ್ತಾದರೆ ಹೇಳುವವರೂ ಲೆಕ್ಕ ಇಡುತ್ತಾರೆ. ಭಕ್ಷೀಸು ಕೊಡುವುದಿದ್ದರೆ ಕಚೇರಿಯಲ್ಲಿ ಕೊಡದೆ, ಒಂಟೆಯ ಮೂಗುದಾರ ಹಿಡಿದು ಜತೆಗೆ ನಡೆದವನ ಕೈಗೇ ಕೊಡಿ. ದಿಬ್ಬಗಳ ನಡುವೆ ನೆಟ್‌ವರ್ಕ್ ನಂಬುವಂತಿಲ್ಲ, ಎಟಿಎಂ ಹುಡುಕಲು ಜೈಸಲ್ಮೇರ್‌ಗೇ ಬರಬೇಕು. ಆದ್ದರಿಂದ ಊರಿನಿಂದ ಹೊರಡುವಾಗಲೇ ನೂರರ, ಇನ್ನೂರರ ನೋಟುಗಳನ್ನು ಬೇರೆಯಾಗಿ ಎಣಿಸಿ ಚೀಲದ ಒಳಜೇಬಿನಲ್ಲಿಡಿ.